ಪಲ್ಪರಿಗೆ ಸಿಕ್ಕಿದ ಕಲ್ಲು

ಬಣಕಲ್
16-1-1998, ಶುಕ್ರವಾರ

ಪ್ರೀತಿಯ ಅಪ್ಪಯ್ಯನಿಗೆ,

ಮೇಘಾಳ ನಮಸ್ಕಾರ. ನಿಮ್ಮ ಮೈ ಹೇಗಿದೆ? ಹೋದ ಸಲ ಜಾಲರಿಯ ಆಚೆ ನೀವು ಎಡಗಾಲನ್ನು ಪೂರ್ತಿ ಊರದೆ ನಿಂತಿದ್ದಿರಿ. ಏನಾಯಿತು ಎಂದು ಕೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ದೇವೀರತ್ತೆ ಮಾತು ಶುರು ಮಾಡಿದರು. ಅತ್ತೆ ಶುರು ಮಾಡಿದರೆ ಭೇಟಿಯ ಹೊತ್ತು ಮುಗಿದರೂ ಅವರ ಮಾತು ಮುಗಿಯುವುದಿಲ್ಲ, ಅವರ ತಮ್ಮನಾದ ನಿಮಗೆ ನಾನು ಹೇಳಬೇಕೆ. ಜೈಲಿನ ಸಿಮೆಂಟು ನೆಲದ ಥಂಡಿಗೆ ಮಂಡಿ ಹಿಡಿದಿರಬೇಕು. ಅಮ್ಮ ನೋವಿನೆಣ್ಣೆ ಕಾಯಿಸಿ ಇಟ್ಟಿದ್ದಾರೆ, ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಿಟ್ಟರೆ ಮಲಗುವ ಮೊದಲು ಹಚ್ಚಿಕೊಳ್ಳಿ, ನಾಚಿಕೊಳ್ಳಬೇಡಿ. ಈ ಪತ್ರವನ್ನು ಅಲ್ಲಿಯವರು ಒಡೆದು ಓದಿಯೇ ನಿಮಗೆ ಕೊಡುತ್ತಾರಂತೆ. ಓದಲಿ.

ತೋಟದ ಸುದ್ದಿ ನೀವು ಕೇಳುತ್ತೀರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಅರೇಬಿಕಾ ಕೊಯ್ಲು ಮುಗಿಯಿತು, ರೊಬಸ್ಟಾ ಹಣ್ಣಾಗುತ್ತಿದೆ. ಮೇಸ್ತ್ರಿ ಚಿಕ್ಕಯ್ಯ ಆಳುಗಳನ್ನು ಹೇಗೋ ಹೊಂದಿಸುತ್ತಿದ್ದಾನೆ, ಆದರೆ ಹಳ್ಳದ ಪಕ್ಕದ ಲೈನು ಮನೆಗಳವರು ಬರುವುದಿಲ್ಲ, ಕರೆಯುವ ಮುಖ ನಮಗೂ ಇಲ್ಲ. ಈ ಸಲ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನು ನಾನೇ ನೋಡಿಕೊಂಡೆ. ನಗಬೇಡಿ. ಬಿ.ಎ.ಯಲ್ಲಿ ಛಂದಸ್ಸು ಕಲಿತ ಹುಡುಗಿ ಮೊಣಕೈವರೆಗೆ ಹಣ್ಣಿನ ಲೋಳೆ ಮೆತ್ತಿಕೊಂಡು ನಿಂತದ್ದನ್ನು ಹರ್ಷ ನೋಡಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಡಿಸೆಂಬರಿನಲ್ಲಿ ಒಂದು ದಿನ ಅದರ ತಾಮ್ರದ ಹಲಗೆಗೂ ಉರುಳೆಗೂ ನಡುವೆ ಕಲ್ಲು ಸಿಕ್ಕಿಕೊಂಡಿತ್ತು. ಕಾಫಿ ಬೀಜದಷ್ಟೇ ಗಾತ್ರ, ಬೀಜದ ಹಾಗೇ ಒಂದು ಕಡೆ ಚಪ್ಪಟೆ. ನಾನು ಕೂಡಲೇ ನೀರು ನಿಲ್ಲಿಸಿ ಕೈಯಿಂದ ಎತ್ತಿ ತೆಗೆದೆ, ನೀವು ಕಲಿಸಿದ ಹಾಗೆಯೇ. ಆ ಕಲ್ಲಿನ ಮಾತು ಮುಂದೆ ಮತ್ತೆ ಬರುತ್ತದೆ. ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ. ಹರ್ಷ ಹೋಗಿ ವರ್ಷ ತುಂಬಿಲ್ಲವಲ್ಲ.

ಬರುವ ಗುರುವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ. ಅಂದು ನಮ್ಮ ಅಂಗಳದಲ್ಲಿ ನಿಂತಿದ್ದವರೆಲ್ಲ ಪೊಲೀಸರ ಮುಂದೆ ಏನೂ ಕಾಣಲಿಲ್ಲ ಎಂದಿದ್ದಾರೆ. ಚಿಕ್ಕಯ್ಯನಂತೂ 'ನಾನು ಆಚೆ ಮೂತ್ರಕ್ಕೆ ಹೋಗಿದ್ದೆ ಸ್ವಾಮಿ' ಎಂದನಂತೆ. ಅಷ್ಟು ಹೊತ್ತಿನ ಮೂತ್ರ ಭೂಮಿಯ ಮೇಲೆ ಯಾರಿಗೂ ಬಂದಿರಲಾರದು. ಹಾಗಾಗಿ ಏಟು ತಿಂದ ಪಾಪಮ್ಮನನ್ನು ಬಿಟ್ಟರೆ ನೋಡಿದೆ ಎನ್ನುವವಳು ನಾನೊಬ್ಬಳೇ. ನಿಮ್ಮ ವಕೀಲರಾದ ಬಸವರಾಜಪ್ಪನವರು ಎರಡು ಸಲ ಮನೆಗೆ ಬಂದು ನಾನು ಏನು ಹೇಳಬೇಕೆಂದು ಹೇಳಿಕೊಟ್ಟಿದ್ದಾರೆ. ನೀವೂ ಅತ್ತೆಯ ಕೈಲಿ ಹೇಳಿ ಕಳಿಸಿದ್ದೀರಿ: 'ಮೇಘಾ ಹೆದರೋದು ಬೇಡ, ವಕೀಲರು ಹೇಳಿದಷ್ಟು ಒಪ್ಪಿಸಿದರೆ ಆಯ್ತು.' ಅದರ ಜೊತೆಗೆ ನಿಮ್ಮ ಇನ್ನೊಂದು ಮಾತನ್ನೂ ಅತ್ತೆ ತಂದರು, ತಂದು ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. 'ಆ ಕೈ ಮುರಿದದ್ದಕ್ಕೆ ನನಗೆ ಬೇಜಾರಿಲ್ಲ. ನನ್ನ ಮಗನನ್ನು ತಿಂದ ಕೈ ಅದು.' ನಾನು ಈ ಪತ್ರ ಬರೆಯಲು ಕುಳಿತದ್ದು ಆ ಎರಡನೇ ಮಾತಿಗಾಗಿ. ಹರ್ಷನನ್ನು ನೋಡಿದ ಡಾಕ್ಟರ್ ಪ್ರೇಮಲತಾ ಅವರಿಗೂ ಅದೇ ದಿನ ಕೋರ್ಟಿಗೆ ಕರೆ ಇದೆ. ಅವರು ಹೇಳುವುದನ್ನು ನೀವು ಅಷ್ಟು ಜನರ ಮಧ್ಯೆ, ಕಟಕಟೆಯಲ್ಲಿ ನಿಂತು, ಮೊದಲ ಸಲ ಕೇಳುವುದು ಬೇಡ. ನನ್ನಿಂದ ಕೇಳಿ. ನಾನು ಮಾತಾಡಿದರೆ ಅರ್ಧಕ್ಕೆ ನಿಲ್ಲುತ್ತೇನೆ, ಬರೆದರೆ ನಿಲ್ಲುವುದಿಲ್ಲ.

ಹೋದ ಏಪ್ರಿಲ್‌ನಲ್ಲಿ ಗಿಡಗಳಿಗೆ ಹಿಟ್ಟುತಿಗಣೆ ಬಿದ್ದಿತ್ತಲ್ಲ. ಗೆಲ್ಲಿನ ಗಂಟು ಗಂಟಿಗೂ ಬಿಳಿ ಹಿಟ್ಟು ಮೆತ್ತಿದ ಹಾಗೆ. ಆಳುಗಳು ಸಿಗದ ವಾರ, ಹರ್ಷ ತಾನೇ ಬೆನ್ನಿಗೆ ಸ್ಪ್ರೇಯರ್ ಏರಿಸಿಕೊಂಡ. ಆ ಕ್ಯಾನು ಬುಡದಲ್ಲಿ ಸೋರುತ್ತಿತ್ತು. ನೀವು ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದುಕೊಟ್ಟಿರಿ. ನಾನು ಕಾಫಿ ತೆಗೆದುಕೊಂಡು ಹೋದಾಗ ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆ, ಪ್ಯಾಂಟಿನವರೆಗೆ ಇಳಿದಿತ್ತು, ವಾಸನೆಗೆ ನನಗೆ ತಲೆ ಸುತ್ತಿತು. ಅಂಗಿ ಬದಲಿಸು ಎಂದೆ. 'ಬಿಸಿಲಿಗೆ ಬೆನ್ನು ತಂಪಾಗಿದೆ ಮಾರಾಯ್ತಿ, ಸುಮ್ಮನೆ ಹೋಗು, ಹೋಗಿ ನಿನ್ನ ಪದ್ಯ ಬರಿ' ಎಂದ. ಅದೇ ಅವನು ನನಗೆ ಹೇಳಿದ ಕೊನೆಯ ಪೂರ್ತಿ ವಾಕ್ಯ. ಮಧ್ಯಾಹ್ನ ಅವನು ಮೇಲೆ ಮನೆಗೆ ಬರಲಿಲ್ಲ, ಹಳ್ಳದ ಬದಿಯಲ್ಲಿ ಪಾಪಮ್ಮನ ಮನೆಯ ಜಗಲಿಯಲ್ಲಿ ಕೂತು ಉಂಡ. ಅದೇನು ಹೊಸದಲ್ಲ. ನಡೆಯಲು ಕಲಿತಾಗಿನಿಂದ ಅವನು ಅವಳ ಒಲೆಯ ಮುಂದೆ ಕೂತವನು. ನಿಮಗೆ ಅದು ಸೇರುತ್ತಿರಲಿಲ್ಲ. ಅತ್ತೆಗಂತೂ ಅವಳ ರೊಟ್ಟಿ ಎಂದರೆ ಮುಖ ಕಿವುಚುತ್ತಿತ್ತು: 'ಮನೇಲಿ ಅನ್ನ ಇಲ್ಲವಾ ಇವನಿಗೆ, ಆಳಿನ ಕೈತುತ್ತೇ ಆಗಬೇಕಾ?'

ಉಂಡು ಮೇಲೆ ಬಂದವನು ಪಲ್ಪರ್ ಮನೆಯ ಮೆಟ್ಟಿಲಲ್ಲಿ ಕುಸಿದ. ನೀವೂ ಚಿಕ್ಕಯ್ಯನೂ ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದಿರಿ. ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ವಾಂತಿ, ಭೇದಿ, ಬೆವರು, ಎಲ್ಲವೂ ಒಟ್ಟಿಗೆ. ಚರ್ಮದ ಕೆಳಗೆ ಹುಳು ಹರಿದ ಹಾಗೆ ತೊಡೆ, ತೋಳು, ಕೆನ್ನೆ ಅದುರುತ್ತಿದ್ದವು. ಅತ್ತೆ ಅವನ ಕಣ್ಣು ಬಿಡಿಸಿ ನೋಡಿ ಎದೆ ಬಡಿದುಕೊಂಡರು: 'ಇದು ಕೈಮದ್ದು ಕಣೋ ತಮ್ಮಯ್ಯ. ಹಾಕಿ ಎಷ್ಟು ದಿನ ಆಗಿತ್ತೋ, ಇವತ್ತು ಎದ್ದಿದೆ.' ಅವರಿಗೆ ಅದು ಹೊಸ ಮಾತಲ್ಲ. ನಮ್ಮ ಕಡೆ ಅನ್ನದಲ್ಲಿ ಯಾರೋ ಬೆರೆಸಿದ ಮದ್ದು ಹೊಟ್ಟೆಯಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ಕೂರುತ್ತದೆ ಎಂದು ಓದಿದವರೂ ನಂಬುತ್ತಾರೆ. ಮಕ್ಕಳು ಸೊರಗಿದರೆ ಮದ್ದು, ಮಗ ಮಾತು ಕೇಳದಿದ್ದರೆ ಮದ್ದು. ಮೈ ಅದುರುವುದನ್ನು ಚಳಿ ಎಂದುಕೊಂಡು ನೀವು ನಿಮ್ಮ ಕರಿ ಕಂಬಳಿಯನ್ನು ತಂದು, ಕುತ್ತಿಗೆಯಿಂದ ಪಾದದವರೆಗೆ, ಹಸುಗೂಸನ್ನು ಸುತ್ತಿದ ಹಾಗೆ ಸುತ್ತಿದಿರಿ. ಆಸ್ಪತ್ರೆಗೆ ಹೋಗೋಣ ಎಂದು ಅಮ್ಮ ಅತ್ತರು. 'ಸೂಜಿ ಚುಚ್ಚಿದರೆ ಮದ್ದು ತಲೆಗೇರುತ್ತೆ, ಮಗ ಬೇಕೋ ಬೇಡವೋ?' ಎಂದರು ಅತ್ತೆ. ಜೀಪು ಅಂಗಳದಲ್ಲೇ ನಿಂತಿತ್ತು. ಅದು ಹೊರಟದ್ದು ಮೂಡಿಗೆರೆಯ ಆಸ್ಪತ್ರೆಯ ಕಡೆಗಲ್ಲ, ಕೊಟ್ಟಿಗೆಹಾರದ ಆಚೆಯಿಂದ ಮದ್ದು ತೆಗೆಯುವವನನ್ನು ಕರೆತರಲು.

ಅವನು ಬರುವುದರಲ್ಲಿ ಬಿಸಿಲು ಇಳಿಮುಖವಾಗಿತ್ತು. ಬಂದವನು ಸೊಪ್ಪಿನ ರಸ ಕುಡಿಸಿದ, ಅದು ಮೂಗಿನಲ್ಲಿ ಬಂತು. ಆಮೇಲೆ ಅವನು ಕೈ ತೊಳೆದುಕೊಳ್ಳುತ್ತಾ, ನಾಳೆ ಮೋಡ ಆಗಬಹುದು ಎನ್ನುವಷ್ಟು ಸಲೀಸಾಗಿ ಹೇಳಿದ: 'ಗಟ್ಟಿಯಾಗಿ ಕಚ್ಚಿದೆ. ಹಾಕಿದವರೇ ತಮ್ಮ ಕೈ ಅದ್ದಿದ ನೀರು ಕೊಟ್ಟರೆ ಇಳೀಬಹುದು.' ಅತ್ತೆ ಆಗಲೇ ಹಳ್ಳದ ಕಡೆ ನೋಡುತ್ತಿದ್ದರು.

ಪಾಪಮ್ಮನನ್ನು ಯಾರೂ ಹೋಗಿ ಕರೆಯಬೇಕಾಗಿರಲಿಲ್ಲ, ಅಪ್ಪಯ್ಯ. ಅವಳು ಹರ್ಷನಿಗೆ ಹುಷಾರಿಲ್ಲ ಎಂದು ಕೇಳಿ ತಾನೇ ಓಡಿ ಬರುತ್ತಿದ್ದಳು, ಕೈಯಲ್ಲಿ ಒಂದು ನಿಂಬೆಹಣ್ಣಿತ್ತು. ಆ ನಿಂಬೆಹಣ್ಣು ನೋಡಿ 'ನೋಡಿ, ನೋಡಿ, ಮಾಟಕ್ಕೆ ತಂದಿದ್ದಾಳೆ' ಎಂದು ಯಾರೋ ಕೂಗಿದರು. ನೀವು ಅವಳ ತುರುಬು ಹಿಡಿದಿರಿ. ಪಲ್ಪರ್ ಮನೆಯ ಕಲ್ಲುಕಟ್ಟೆಯವರೆಗೆ ಎಳೆದಿರಿ, ಅವಳ ಮಂಡಿಯ ಚರ್ಮ ಅಂಗಳದ ಮೇಲೆ ಉಳಿಯಿತು. ಒದ್ದಿರಿ. ಕೊಡಲಿಯ ಕಾವು ಅಲ್ಲೇ ಒರಗಿತ್ತು. ಮೊದಲ ಏಟು ಹೆಗಲಿಗೆ, ಎರಡನೆಯದು ಮುಖಕ್ಕೆ. ಆ ಎರಡನೆಯದಕ್ಕೆ ಅವಳ ಎಡಗಣ್ಣು ಹೋಯಿತು. ಅವಳು 'ನಾನಲ್ಲ' ಎನ್ನಲಿಲ್ಲ. 'ಹರ್ಷಪ್ಪ ಹೇಗಿದಾರೆ, ಹರ್ಷಪ್ಪ ಹೇಗಿದಾರೆ' ಎಂದು ಕೇಳುತ್ತಲೇ ಇದ್ದಳು, ಅದಕ್ಕೆ ಜನ ಇನ್ನಷ್ಟು ಕೆರಳಿದರು. ಆಮೇಲೆ ಕೈ. ಬೆರಳುಗಳು ಕಟ್ಟೆಯ ಮೇಲೆ ಒಡೆದ ಸದ್ದು, ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಹಲ್ಲಲ್ಲಿ ಕಚ್ಚಿ ನೋಡುತ್ತೇವಲ್ಲ, ಆ ಸದ್ದು. ಆ ಕೈಯನ್ನೇ ಚೊಂಬಿನಲ್ಲಿ ಅದ್ದಿಸಿದರು. ನೀರು ಕೆಂಪಾಯಿತು. ಅದನ್ನು ಉಸಿರಿಗೆ ಒದ್ದಾಡುತ್ತಿದ್ದ ಹರ್ಷನ ಬಾಯಿಗೆ ಹೊಯ್ದರು. ಅವನು ಕೆಮ್ಮಿದ, ತುಟಿ ನೀಲಿಯಾಯಿತು. ಆಗ ಅಮ್ಮ ಚಿಕ್ಕಯ್ಯನ ಕೆನ್ನೆಗೆ ಹೊಡೆದು ಜೀಪಿನ ಕೀ ಕಿತ್ತುಕೊಂಡರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಮ್ಮ ಕೈ ಎತ್ತಿದ್ದನ್ನು ತಾವು ಕಂಡದ್ದು ಅದೊಂದೇ ಸಲ ಎನ್ನುತ್ತಾರೆ ಅತ್ತೆ, ಅದೂ ಅಮ್ಮನನ್ನು ದೂರಲು.

ಮುಂದಿನದು ನಿಮಗೆ ಗೊತ್ತು, ಸ್ವಲ್ಪ ಗೊತ್ತಿಲ್ಲ. ಮೂಡಿಗೆರೆಯಲ್ಲಿ ನೋಡಿ ಚಿಕ್ಕಮಗಳೂರಿಗೆ ಕಳಿಸಿದರು. ಆಸ್ಪತ್ರೆಯ ಬಾಗಿಲಲ್ಲೇ ಪೊಲೀಸರು ನಿಮ್ಮನ್ನು ಕರೆದೊಯ್ದರು. ಒಳಗೆ ಡಾಕ್ಟರ್ ಪ್ರೇಮಲತಾ ಮೊದಲು ಮಾಡಿದ ಕೆಲಸ ಏನು ಗೊತ್ತೆ? ಕತ್ತರಿ ತಂದು ಕಂಬಳಿ ಬಿಚ್ಚಿ ಅಂಗಿಯನ್ನು ಕತ್ತರಿಸಿ ಎಸೆದು, ಸೋಪು ಹಾಕಿ ಅವನ ಬೆನ್ನು ತೊಳೆಸಿದ್ದು. ಆ ಅಂಗಿ ಇನ್ನೂ ಒದ್ದೆಯಾಗಿತ್ತು. ಹರ್ಷ ಎರಡನೇ ದಿನ ಬೆಳಿಗ್ಗೆ ಹೋದ. ನೀವು ಠಾಣೆಯಲ್ಲಿದ್ದಿರಿ. ಕೊಳ್ಳಿ ಇಡಲು ನಿಮ್ಮನ್ನು ಇಬ್ಬರು ಪೇದೆಗಳ ನಡುವೆ ಕರೆತಂದಾಗ ನಿಮಗೆ ಇದನ್ನೆಲ್ಲ ಹೇಳುವ ಬಾಯಿ ಯಾರಿಗಿತ್ತು?

ಸಮನ್ಸ್ ಬಂದ ಮೇಲೆ ನಾನು ಒಬ್ಬಳೇ ಡಾಕ್ಟರರನ್ನು ಕಾಣಲು ಹೋಗಿದ್ದೆ. ಅವರು ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರಿರಬಹುದು. ಕೈಮದ್ದು ಎಂದಾಗ ನಗಲಿಲ್ಲ, ಅದು ನನಗೆ ಇಷ್ಟವಾಯಿತು. ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು, ಅರ್ಧ ಅರ್ಥವಾಯಿತು. ಮನೆಗೆ ಬಂದು ಹರ್ಷನ ಪಿಯುಸಿ ಜೀವಶಾಸ್ತ್ರದ ಪುಸ್ತಕ ಹುಡುಕಿದೆ. ಅಸ್ಥಿಪಂಜರಕ್ಕೆಲ್ಲ ಮೀಸೆ ಬರೆದಿಟ್ಟಿದ್ದಾನೆ, ಕಪ್ಪೆಗೂ ಒಂದು ಪೇಟ ಇದೆ. ಆ ಮೀಸೆಗಳ ನಡುವೆಯೇ ಮತ್ತೆ ಮತ್ತೆ ಓದಿದೆ. ಈಗ ನಿಮಗೆ ಹೇಳಬಲ್ಲೆ.

ನಾವು ಕೈ ಮಡಚಬೇಕಾದರೆ ನರ ಸ್ನಾಯುವಿಗೆ ಹೇಳಬೇಕು. ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲವಂತೆ, ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣ ಸಂದು ಇದೆ. ಆ ಸಂದಿನೊಳಕ್ಕೆ ನರ ಒಂದು ಪುಟ್ಟ ಅಣುವನ್ನು ಉಗುಳುತ್ತದೆ. ಅಸಿಟೈಲ್‌ಕೋಲೀನ್ ಎಂದು ಅದರ ಹೆಸರು. ಅದು ಹೋಗಿ ಸ್ನಾಯುವಿನ ಜೀವಕೋಶದ ಮೇಲೆ ತನಗೆಂದೇ ಇರುವ ಗೂಡಿನಲ್ಲಿ ಕೂತರೆ ಸ್ನಾಯು ಬಿಗಿಯುತ್ತದೆ. ಆದರೆ ಹೇಳಿದ ಮಾತು ಅಲ್ಲೇ ಉಳಿದರೆ ಬಿಗಿದದ್ದು ಸಡಿಲುವುದು ಹೇಗೆ? ಅದಕ್ಕೆ ಅದೇ ಸಂದಿನಲ್ಲಿ ಇನ್ನೊಂದು ಅಣು ಕಾದಿರುತ್ತದೆ, ದೊಡ್ಡದು, ಪ್ರೋಟೀನಿನದು. ಕಿಣ್ವ ಎನ್ನುತ್ತಾರೆ. ಅಮೈನೊ ಆಮ್ಲಗಳೆಂಬ ಮಣಿಗಳನ್ನು ಐದುನೂರಕ್ಕೂ ಹೆಚ್ಚು ಪೋಣಿಸಿ, ಆ ಸರವನ್ನು ಮಡಚಿ, ತಿರುಚಿ, ಉಂಡೆ ಮಾಡಿದ ಹಾಗಂತೆ. ಹೇಗೆ ಬೇಕೋ ಹಾಗೆ ಮಡಚಿದ ಉಂಡೆಯಲ್ಲ. ಸರಿಯಾಗಿ ಮಡಚಿದಾಗ ಮಾತ್ರ ಅದರ ನಡುವೆ ಒಂದು ಆಳವಾದ ಕಿರಿದಾದ ಕಂದಕ ಉಂಟಾಗುತ್ತದೆ, ಚಾರ್ಮಾಡಿಯ ಬಂಡೆಸೀಳಿನ ಹಾಗೆ. ಕಂದಕದ ತಳದಲ್ಲಿ ಸೆರೀನ್ ಎಂಬ ಒಂದು ಮಣಿ ಬಾಯಿ ತೆರೆದುಕೊಂಡಿದೆ. ಆಡಿ ಮುಗಿದ ಮಾತಿನ ಅಣು ಆ ಕಂದಕಕ್ಕೆ ಜಾರಿದರೆ ಸಾಕು, ಆ ಮಣಿ ಅದನ್ನು ಹಿಡಿದು ಎರಡು ತುಂಡು ಮಾಡಿ ಹೊರಗೆ ಬಿಸಾಡಿ ಮತ್ತೆ ಬಾಯಿ ತೆರೆಯುತ್ತದೆ. ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ. ನರ 'ಎಳೆ' ಎನ್ನುತ್ತದೆ, ಕಿಣ್ವ 'ಸಾಕು' ಎನ್ನುತ್ತದೆ. ನಾವು ನಡೆಯುವುದು, ಉಸಿರಾಡುವುದು, ಬರೆಯುವುದು ಎಲ್ಲ ಈ ಎರಡು ಮಾತುಗಳ ನಡುವೆ. ಈ ಅಕ್ಷರಗಳನ್ನು ಬರೆಯುವಾಗಲೂ ನನ್ನ ಬೆರಳುಗಳಲ್ಲಿ ಅದು ಎಷ್ಟು ಸಲ ಸಾಕು ಎಂದಿತೋ.

ನಾವು ಗಿಡಕ್ಕೆ ಹೊಡೆದ ಔಷಧಿಯ ಅಣು ಆ ಪುಟ್ಟ ಅಣುವಿನಂತೆಯೇ ಕಂದಕಕ್ಕೆ ಇಳಿಯುವಷ್ಟು ಸರಿಯಾದ ಆಕಾರದ್ದು. ಇಳಿದು ಅದೇ ಮಣಿಯನ್ನು ಕಚ್ಚುತ್ತದೆ. ಕಚ್ಚಿದರೆ ಬಿಡುವುದಿಲ್ಲ. ಪಲ್ಪರಿಗೆ ಸಿಕ್ಕಿದ ಕಲ್ಲು ನೆನಪು ಮಾಡಿಕೊಳ್ಳಿ. ಬೀಜದಷ್ಟೇ ಗಾತ್ರ ಇದ್ದುದರಿಂದಲೇ ಅದು ಹಲಗೆಯ ಸಂದಿಗೆ ಇಳಿಯಿತು, ದೊಡ್ಡದಾಗಿದ್ದರೆ ಮೇಲೆಯೇ ನಿಲ್ಲುತ್ತಿತ್ತು. ಉರುಳೆ ನಿಂತಿತು, ಆದರೆ ಮೇಲಿನ ತೊಟ್ಟಿಯಿಂದ ಹಣ್ಣು ಬೀಳುತ್ತಲೇ ಇರುತ್ತದೆ, ತುಂಬುತ್ತದೆ, ಚೆಲ್ಲುತ್ತದೆ. ಹರ್ಷನ ಮೈಯಲ್ಲಿ ಆದದ್ದು ಅದೇ. 'ಎಳೆ, ಎಳೆ, ಎಳೆ' ಎನ್ನುವ ಮಾತು ಬೀಳುತ್ತಲೇ ಇತ್ತು, ಸಾಕು ಎನ್ನುವುದರ ಬಾಯಿ ಕಟ್ಟಿತ್ತು. ಕಣ್ಣಿನ ಪಾಪೆ ಕುಗ್ಗಿ ಕುಗ್ಗಿ ಸಾಸಿವೆಯಾಯಿತು. ಜೊಲ್ಲಿನ ಗ್ರಂಥಿ ಸುರಿಸುತ್ತಲೇ ಹೋಯಿತು. ಶ್ವಾಸಕೋಶ ತನ್ನದೇ ನೀರಿನಲ್ಲಿ ಮುಳುಗಿತು. ಸ್ನಾಯುಗಳು ಅದುರಿ ಅದುರಿ ಕೊನೆಗೆ ಉಸಿರು ಎಳೆಯುವ ಸ್ನಾಯುವೂ ಸೋತಿತು. ಅತ್ತೆ ಒಂದೊಂದಾಗಿ ತೋರಿಸಿದ ಕೈಮದ್ದಿನ ಲಕ್ಷಣಗಳೆಲ್ಲ ಇವೇ. ಅವರು ಕಣ್ಣಾರೆ ಕಂಡದ್ದು ಸುಳ್ಳಲ್ಲ, ಅದಕ್ಕೆ ಅವರು ಕೊಟ್ಟ ಹೆಸರು ಸುಳ್ಳು. ರಕ್ತ ತೆಗೆದು ಆ ಕಿಣ್ವ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದಿದ್ದಾರೆ, ಹೆಚ್ಚುಕಡಿಮೆ ಪೂರ್ತಿ ಸತ್ತಿತ್ತು. ಪಾಪಮ್ಮನ ರೊಟ್ಟಿಯಲ್ಲಿ ರೊಟ್ಟಿ ಬಿಟ್ಟು ಬೇರೇನೂ ಇರಲಿಲ್ಲ, ಅಪ್ಪಯ್ಯ. ಅವಳೂ ಅದೇ ಕಾವಲಿಯಿಂದ ಎತ್ತಿ ಅದೇ ರೊಟ್ಟಿ ತಿಂದಿದ್ದಳು.

ಇನ್ನೊಂದು ಇದೆ. ಕಚ್ಚಿದ ಆ ಅಣುವನ್ನು ಕೀಳಲು ಔಷಧಿ ಇದೆಯಂತೆ. ಆದರೆ ಬೇಗ ಕೊಡಬೇಕು. ಕೆಲವು ಗಂಟೆ ಕಳೆದರೆ ಅದರದೊಂದು ಕೊಂಡಿ ತಾನಾಗಿ ಉದುರಿಹೋಗಿ, ಉಳಿದದ್ದು ಮಣಿಗೆ ಬೆಸೆದುಬಿಡುತ್ತದೆ. ಹಳತಾಯಿತು ಎನ್ನುತ್ತಾರೆ. ಹಳತಾದ ಮೇಲೆ ಯಾವ ಔಷಧಿಯೂ ಕೀಳಲಾರದು, ಮೈ ಹೊಸ ಕಿಣ್ವವನ್ನೇ ಮೊದಲಿನಿಂದ ಕಟ್ಟಿಕೊಳ್ಳಬೇಕು. 'ಕಲ್ಲು ಸಿಕ್ಕಿದ ಕೂಡಲೇ ತೆಗಿ, ಉರುಳೆ ತಿರುಗಿ ತಾಮ್ರಕ್ಕೆ ಕಚ್ಚಿತೋ ಹಲಗೆಯನ್ನೇ ಬದಲಾಯಿಸಬೇಕು' ಎಂದು ನೀವೇ ಹೇಳುತ್ತಿದ್ದಿರಿ. ಮಧ್ಯಾಹ್ನದಿಂದ ಸಂಜೆಯವರೆಗೆ ಜೀಪು ಹೋಗಿ ಬಂದ ಹೊತ್ತು, ಸೊಪ್ಪು ಅರೆದ ಹೊತ್ತು, ಪಾಪಮ್ಮನಿಗೆ ಹೊಡೆದ ಹೊತ್ತು, ಅಷ್ಟೂ ಹೊತ್ತು ಅವನೊಳಗೆ ಅದು ಹಳತಾಗುತ್ತಿತ್ತು. ಮತ್ತು ಹೊಸದು ಒಳಗೆ ಹೋಗುತ್ತಲೂ ಇತ್ತು. ಅದು ಚರ್ಮದ ಮೂಲಕವೇ ಹೋಗುತ್ತದೆ. ಬೆನ್ನಿನ ಒದ್ದೆ ಅಂಗಿಯಿಂದ. ಅದರ ಮೇಲೆ ಸುತ್ತಿದ ಕಂಬಳಿಯ ಬಿಸಿಗೆ ಇನ್ನೂ ಬೇಗ.

ಕಂಬಳಿಯ ಮಾತನ್ನು ನಿಮಗೆ ಹೇಳಬಾರದು ಎಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. 'ಅಷ್ಟೊಂದು ಹೊರಲಾರರು ಮಗಾ, ಅಲ್ಲೇ ಏನಾದರೂ ಮಾಡಿಕೊಂಡಾರು' ಎಂದರು. ಮೊನ್ನೆ ಡಾಕ್ಟರರು, ಕೋರ್ಟಿನಲ್ಲಿ ಕೇಳಿದರೆ ತಾವು ಹೇಳಲೇಬೇಕು ಎಂದ ಮೇಲೆ ಅಮ್ಮನೇ ಆಣೆ ಬಿಡಿಸಿದರು. ಅಪ್ಪಯ್ಯ, ನಿಮಗೆ ಗೊತ್ತಿರಲಿಲ್ಲ. ಮಗನಿಗೆ ಚಳಿ ಎಂದು ತಂದೆ ಕಂಬಳಿ ಹೊದಿಸಿದ್ದನ್ನು ಯಾವ ಕಾನೂನೂ ತಪ್ಪು ಎನ್ನಲಾರದು, ನಾನೂ ಎನ್ನುವುದಿಲ್ಲ. ಟ್ಯೂಬಿನ ತುಂಡು ಸೋರಿದ್ದನ್ನೂ ಎನ್ನುವುದಿಲ್ಲ. ಇದನ್ನು ಎರಡು ಸಲ ಓದಿ. ಓದಿ ಅತ್ತರೆ ಅಳಿ, ಬೇರೇನೂ ಮಾಡಿಕೊಳ್ಳಬೇಡಿ. ಮನೆಯಲ್ಲಿ ಅಮ್ಮ ಇದ್ದಾರೆ. ನಾನಿದ್ದೇನೆ.

ಪಾಪಮ್ಮನನ್ನು ನೋಡಲು ಆಗಾಗ ಹೋಗಿಬರುತ್ತಿದ್ದೇನೆ. ಅತ್ತೆಗೆ ಇದು ತಿಳಿದು ಮೂರು ದಿನ ನನ್ನ ಕೈಯಿಂದ ನೀರು ಕುಡಿಯಲಿಲ್ಲ, 'ಅವಳ ಮನೆ ಹೊಸಿಲು ತುಳಿದ ಕಾಲು ನಮ್ಮನೆ ಅಡುಗೆಮನೆಗೆ ಬೇಡ' ಎಂದರು, ನಾಲ್ಕನೇ ದಿನ ಕಾಫಿ ಬೇಕಾದಾಗ ಕುಡಿದರು. ಪಾಪಮ್ಮನ ಬಲಗೈಯ ಮೂರು ಬೆರಳು ಕೂಡಿಕೊಂಡು ಒಂದೇ ಆಗಿವೆ. ಹಣ್ಣು ಕೊಯ್ಯಲಾಗುವುದಿಲ್ಲ, ಜಡೆ ಹಾಕಿಕೊಳ್ಳಲಾಗುವುದಿಲ್ಲ, ಪಕ್ಕದ ಮನೆಯ ಹುಡುಗಿ ಹಾಕಿಕೊಡುತ್ತಾಳೆ. ಕೈಮದ್ದಿನವಳು ಎಂಬ ಮಾತು ಮಾತ್ರ ಹೋಗಿಲ್ಲ. ಅಂಗಡಿಯಲ್ಲಿ ಅವಳ ಮುಂದೆ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ನಾನು ಈ ಅಣು, ಕಿಣ್ವ ಎಲ್ಲ ಅವಳಿಗೂ ಹೇಳಿದೆ. ಪೂರ್ತಿ ಕೇಳಿ, 'ಹಾಗಾದರೆ ಅಂಗಿ ತೆಗೆದಿದ್ದರೆ ಬದುಕ್ತಿದ್ರಾ? ಊಟಕ್ಕೆ ಕೂತಾಗ ನಾನು ಹೇಳಿದ್ದೆ ಕಣವ್ವ, ಅಂಗಿ ಬಿಚ್ಚಿ ಒಣಗಾಕಿ ಅಂತ. ನಿನ್ನ ಮುಂದೆ ಬರಿಮೈಲಿ ಕೂರೋಕೆ ನಾಚಿಕೆ ಪಾಪಮ್ಮ ಅಂದ್ರು. ಚಡ್ಡಿ ಇಲ್ಲದೆ ಓಡಾಡ್ತಿದ್ದೋರು ನನ್ನ ಮುಂದೆ' ಎಂದು ನಕ್ಕಳು. ಒಂದೇ ಕಣ್ಣಿನಿಂದ ಅತ್ತಳು.

ಅಮ್ಮ ನಿಮ್ಮನ್ನು ಕೇಳಿದ್ದಾರೆ. ಕೆಂಪು ದನ ಕರು ಹಾಕಿದೆ, ಹೆಣ್ಣು. ಗುರುವಾರ ಅಮ್ಮ ಕೋರ್ಟಿಗೆ ಬರುವುದಿಲ್ಲ, ಬುತ್ತಿ ಕಟ್ಟಿಕೊಡುತ್ತಾರೆ, ನಿಮಗೆ ಕೊಡಲು ಬಿಡುತ್ತಾರೋ ಕೇಳುತ್ತೇನೆ. ಮಂಡಿ ಜೋಪಾನ. ಚಳಿಗೆ ಕಿವಿ ಮುಚ್ಚಿಕೊಳ್ಳಿ. ನೀವು ಎಲ್ಲಿದ್ದರೂ ನಿಮ್ಮ ಪಾದಕ್ಕೆ ನನ್ನ ನಮಸ್ಕಾರ ಇದ್ದೇ ಇರುತ್ತದೆ, ಅದು ಗುರುವಾರ ಆದ ಮೇಲೂ.

ನಿಮ್ಮ ಮಗಳು,
ಮೇಘಶ್ರೀ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದ್ದೇನೆ. ಮೇಲಿನ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸುತ್ತಿದೆ, ಅಂಚೆಗೆ ಹಾಕಲು ಕಂಡಕ್ಟರ್ ಕೈಲಿ ಕೊಡಬೇಕು. ವಕೀಲರು ನನಗೆ ಕಲಿಸಿದ್ದು ಇಷ್ಟು: 'ಮಗ ಒದ್ದಾಡುವುದನ್ನು ನೋಡಿ ನಮ್ಮ ತಂದೆಗೆ ಆ ಹೊತ್ತಿನಲ್ಲಿ ಮೈಮೇಲೆ ಪ್ರಜ್ಞೆ ಇರಲಿಲ್ಲ, ಏನು ಮಾಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ.' ಹಾಗೆ ಹೇಳಿದರೆ ಶಿಕ್ಷೆ ಬಹಳ ಕಡಿಮೆಯಾಗುತ್ತದಂತೆ. ನಾನು ಎಲ್ಲದಕ್ಕೂ ತಲೆಯಾಡಿಸುವವಳು, ಅದಕ್ಕೂ ಆಡಿಸಿದ್ದೆ. ಅದನ್ನು ನಾನು ಹೇಳುವುದಿಲ್ಲ. ತುರುಬು ಹಿಡಿದು ಎಳೆದಾಗ, ಮುಖಕ್ಕೆ ಹೊಡೆದಾಗ ನಿಮಗೆ ಪ್ರಜ್ಞೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಹೇಳುತ್ತೇನೆ. ಆದರೆ ಆಮೇಲೆ ನೀವು ನಿಂತಿರಿ. ಉಸಿರು ತೆಗೆದುಕೊಂಡಿರಿ. 'ಯಾವ ಕೈಯಲ್ಲಿ ಕೊಟ್ಟೆ?' ಎಂದು ಕೇಳಿದಿರಿ. ಅವಳು ರಕ್ತದ ಮುಖದಲ್ಲಿ, ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ, 'ಬಲಗೈಯಲ್ಲೇ ಅಯ್ಯಾ, ಉಣ್ಣೋರಿಗೆ ಎಡಗೈಲಿ ಕೊಡ್ತಾರಾ' ಎಂದು ಆ ಕೈಯನ್ನು ತಾನಾಗಿ ಕಟ್ಟೆಯ ಮೇಲಿಟ್ಟು ತೋರಿಸಿದಳು. ನೀವು ಆ ಕೈಗೇ ಹೊಡೆದಿರಿ. ಒಂದು ಏಟಾದ ಮೇಲೆ ನಾನು ಜಗಲಿಯ ಕಂಬದ ಪಕ್ಕದಿಂದ 'ಸಾಕು ಅಪ್ಪಯ್ಯ' ಎಂದೆ. ಅಷ್ಟು ಗಲಾಟೆಯಲ್ಲಿ ಪಕ್ಕದಲ್ಲಿದ್ದ ಅಮ್ಮನಿಗೂ ಕೇಳಿಸಲಿಲ್ಲವಂತೆ. ನೀವು ತಿರುಗಿ ನನ್ನನ್ನು ನೋಡಿದಿರಿ, ನೋಡಿ ಮತ್ತೆ ಕಾವು ಎತ್ತಿದಿರಿ. ಗುರುವಾರ ನಾನು ಇಷ್ಟನ್ನೂ ಹೇಳುತ್ತೇನೆ. ನನಗಿಂತ ಮೊದಲು ನೀವೇ ಎದ್ದು ಹೇಳಿದರೆ ನಾನು ಹೇಳಬೇಕಾಗುವುದಿಲ್ಲ, ಅದಕ್ಕೆಂದೇ ಈ ಪತ್ರವನ್ನು ಇವತ್ತೇ ಹಾಕುತ್ತಿದ್ದೇನೆ. ಕೇಳಿಸಲಿಲ್ಲ ಎಂದು ಮಾತ್ರ ಹೇಳಬೇಡಿ. ನನ್ನ ದನಿ ಎಷ್ಟು ಸಣ್ಣದಾದರೂ ನಿಮಗೊಬ್ಬರಿಗೆ ಯಾವತ್ತೂ ಕೇಳಿಸುತ್ತಿತ್ತು, ಅಂದೂ ಕೇಳಿಸಿತ್ತು.